ನೀಲಿ ಕಾರು ಮಾರಿದ ಬೇಸಿಗೆ

2008 ಜೂನ್ 12, ಗುರುವಾರ

ಕಾರು ತೊಳೆದೆ. ಎರಡು ಬಕೆಟ್, ಮೇಲಿನಿಂದ ಕೆಳಕ್ಕೆ, ಚಕ್ರ ಕೊನೆಗೆ. ಮಳೆ ಬರುವುದು ಗೊತ್ತಿತ್ತು. ಆದರೂ ತೊಳೆದೆ. ಕೀತ್ಲಿಯಲ್ಲಿ ಮಳೆ ನಿಲ್ಲಲಿ ಎಂದು ಕಾದರೆ ವರ್ಷಕ್ಕೆರಡು ಸಲ ತೊಳೆದೇವು.

ಸಂಜೆ ಎಂದಿನಂತೆ ಪಬ್ಬಿನ ಹಿಂದಿನ ಬಯಲಿಗೆ. ಗುರುವಾರದ ಗುಂಪು. ನನ್ನ ನೀಲಿಯದೂ ಸೇರಿ ಒಂಬತ್ತು ಇಂಪ್ರೇಜಾ ಕಾರು ಸಾಲಾಗಿ, ಎಲ್ಲದರ ಬಾನೆಟ್ಟೂ ಮೇಲೆ. ನೆವ್ ಹೊಸ ಸೈಲೆನ್ಸರ್ ಹಾಕಿಸಿದ್ದಾನೆ. ಹೆಸರಿಗೆ ಸೈಲೆನ್ಸರ್, ಪಬ್ಬಿನ ಕಿಟಕಿ ಗಾಜು ನಡುಗಿತು. “ಹೆಂಗೈತೆ ಗುರೂ?” ಅಂದ. ಹೆಬ್ಬೆರಳು ಎತ್ತಿದೆ.

ಮನೆಗೆ ಬರುವಷ್ಟರಲ್ಲಿ ಹೆಂಡತಿ ಫೋನು. ಬೇರೆಯಾಗಿ ನಾಲ್ಕು ವರ್ಷವಾಯಿತು, ಇನ್ನೂ ಹೆಂಡತಿ ಎಂದೇ ಬರೆಯಲು ಕೈ ಹೋಗುತ್ತದೆ. ಮ್ಯಾಕ್ಸಿನ್. ಈಗ ಸ್ಕಾಟ್ಲೆಂಡಿನ ಪರ್ತ್‌ನಲ್ಲಿ, ಫರ್ಗಸ್‌ನ ಹೆಂಡತಿ. ಶನಿವಾರ ಮಗಳು ಬೆಥನಿ ನನ್ನ ಜೊತೆ ಬರುವುದಿಲ್ಲವಂತೆ. ಹೊಟ್ಟೆನೋವು.

“ಶನಿವಾರದ ಹೊಟ್ಟೆನೋವು ಗುರುವಾರಾನೇ ಬಂದುಬಿಡ್ತಾ?” ಅಂದೆ.

“ನೋಡು ಡೆಸ್, ತಿಂಗಳಿಗೊಂದು ಸಲ ಬರ್ತೀಯ, ಅವಳನ್ನ ಕೂರಿಸ್ಕೊಂಡು ಬೆಟ್ಟ ಸುತ್ತಿಸ್ತೀಯ, ಹೋಗ್ತೀಯ. ಅವಳಿಗೀಗ ಹದಿನಾಲ್ಕು. ಆಗಸ್ಟ್‌ನಲ್ಲಿ ಶಾಲೆ ಶುರುವಾಗುತ್ತಲ್ಲ, ಅಷ್ಟರೊಳಗೆ ಅವಳೇ ಹೇಳ್ಲಿ, ಇನ್ಮುಂದೆ ನಿನ್ ಜೊತೆ ಬರೋದು ಬೇಕಾ ಬೇಡ್ವಾ ಅಂತ. ನಾನಂತೂ ಕೈ ಹಿಡಿದು ಎಳ್ಕೊಂಡು ಬಂದು ಕಾರಲ್ಲಿ ಕೂರ್ಸಲ್ಲ.”

ಮೂರು ತಿಂಗಳಲ್ಲಿ ಇದು ಎರಡನೆಯ ಹೊಟ್ಟೆನೋವು.

ಜೂನ್ 15, ಭಾನುವಾರ

ನಿರ್ಧಾರ ಮಾಡಿದೆ. ಪರ್ತ್‌ಗೆ ಹೋಗಿ ಬರಲು ಐನೂರು ಮೈಲಿ ಮೇಲೆ. ಇಂಪ್ರೇಜಾ ಕುಡಿಯುವ ಕುಡಿತಕ್ಕೆ ತಿಂಗಳಿಗೊಂದು ಸಲವೇ ಹೆಚ್ಚು. ಅದೇ ಡೀಸೆಲ್ ಗಾಡಿಯಾದರೆ ಹದಿನೈದು ದಿನಕ್ಕೊಮ್ಮೆ ಹೋಗಬಹುದು. ಹೆಚ್ಚು ಸಲ ಮುಖ ತೋರಿಸಿದರೆ ಮಗಳು ಮರೆಯಲಾರಳು. ಲಿಫ್ಟ್ ರಿಪೇರಿ ಮಾಡುವವನ ತಲೆಗೆ ಹೊಳೆದದ್ದು ಇಷ್ಟೇ.

ಆದರೆ ಬೆಥನಿಗೆ ಏನು ಹೇಳಲಿ? ಆ ಕಾರೆಂದರೆ ಅವಳಿಗೆ ಪ್ರಾಣ. ಬೀದಿ ತಿರುಗುತ್ತಿದ್ದಂತೆ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತಿರುತ್ತಾಳೆ. ನಮ್ಮಿಬ್ಬರ ಮಧ್ಯೆ ಉಳಿದಿರುವುದು ಅದೊಂದೇ.

ಜೂನ್ 22, ಭಾನುವಾರ

ಹೋಯಿತು.

ಕೊಂಡವಳು ಸ್ಕಿಪ್ಟನ್‌ನ ಒಬ್ಬ ನರ್ಸ್, ಹಲ್ಲಿನ ಡಾಕ್ಟರ್ ಹತ್ತಿರ ಕೆಲಸ. ಹೆಣ್ಣು ಕೊಡುವ ಅಪ್ಪನ ಥರ ಹಿಂದೆ ಹಿಂದೆ ಓಡಾಡಿದೆ. “ಸ್ಟಾರ್ಟ್ ಮಾಡಿದ ತಕ್ಷಣ ತುಳೀಬೇಡಿ ಮೇಡಂ, ಆಯಿಲ್ ಬಿಸಿಯಾಗ್ಲಿ. ಎರಡನೇ ಗೇರು ಸ್ವಲ್ಪ ಹಟ ಮಾಡುತ್ತೆ—”

“ಗೊತ್ತು ಸರ್, ಇದು ನಂಗೆ ಮೂರನೇದು,” ಅಂದಳು. ನಕ್ಕಳು. ಹೋದಳು.

ಸದ್ದು ಇಳಿಜಾರಿನ ಕೊನೆಯವರೆಗೂ ಕೇಳಿತು. ಆಮೇಲೆ ವೃತ್ತದ ಹತ್ತಿರ ಒಮ್ಮೆ. ಆಮೇಲೆ ಇಲ್ಲ. ಗೇರು ನನಗಿಂತ ಚೆನ್ನಾಗಿ ಬದಲಿಸುತ್ತಾಳೆ, ಹಾಳಾದವಳು.

ಮೆಟ್ಟಿಲ ಮೇಲೆ ಕೂತು ಅತ್ತೆ. ಬರೆದೇಬಿಡುತ್ತೇನೆ, ಓದುವವರು ಯಾರಿದ್ದಾರೆ.

ಜೂನ್ 26, ಗುರುವಾರ

ಸ್ಕೋಡಾ. ಡೀಸೆಲ್. ಬೂದು ಬಣ್ಣ. ಹಿಂದೆ ಎರಡು ಕುರಿ ಕೂರಿಸುವಷ್ಟು ಜಾಗ. ತೊಂಬತ್ತು ಸಾವಿರ ಮೈಲಿ ಓಡಿದೆ, ಇನ್ನೂ ಅಷ್ಟೇ ಓಡುತ್ತದೆ ಎಂದ ಮಾರಿದವನು. ಹೇಳುವಾಗ ಅವನಿಗೂ ಆಕಳಿಕೆ ಬಂತು.

ದಾರಿಯಲ್ಲಿ ಎದುರಿಗೊಂದು ಇಂಪ್ರೇಜಾ ಬಂತು. ಅಭ್ಯಾಸ — ಲೈಟು ಮಿಟುಕಿಸಿ ಕೈ ಎತ್ತಿದೆ. ಇಂಪ್ರೇಜಾ ಓಡಿಸುವ ನಾವು ನಾವು ಯಾವಾಗಲೂ ಹಾಗೆಯೇ, ಗುರುತಿರಲಿ ಬಿಡಲಿ. ಅವನು ಕೈ ಎತ್ತಲಿಲ್ಲ. ಗಾಬರಿಯಾಗಿ ಬ್ರೇಕ್ ಹಾಕಿದ, ಮುಂದೆ ಪೊಲೀಸರಿದ್ದಾರೆ ಅಂದುಕೊಂಡನೋ ಏನೋ. ನನ್ನ ಕೈ ಎಷ್ಟು ಹೊತ್ತು ಗಾಳಿಯಲ್ಲಿತ್ತೋ ಗೊತ್ತಿಲ್ಲ.

ಪಬ್ಬಿನ ಬಯಲಲ್ಲಿ ಗಾಡಿಯನ್ನು ಕೊನೆಗೆ, ಕಸದ ಡಬ್ಬಿ ಪಕ್ಕ ನಿಲ್ಲಿಸಿದೆ. ಆದರೂ ಕಣ್ಣಿಗೆ ಬಿತ್ತು.

“ಲೋ, ಯಾರೋ ಟ್ಯಾಕ್ಸಿ ಕರೆಸಿದ್ದು?” ನೆವ್ ಕೂಗಿದ. ನಮ್ಮ ಕಡೆ ಟ್ಯಾಕ್ಸಿಗಳೆಲ್ಲ ಇದೇ ಸ್ಕೋಡಾ. ಎಲ್ಲಿತ್ತೋ ಏನೋ, ರಟ್ಟಿನ ಮೇಲೆ ಟ್ಯಾಕ್ಸಿ ಎಂದು ಗೀಚಿ ನನ್ನ ಗಾಡಿಯ ತಲೆ ಮೇಲೆ ಇಟ್ಟರು. ನಾನೂ ನಕ್ಕೆ. “ಲೀಡ್ಸ್‌ಗೆ ಎಷ್ಟಪ್ಪಾ?” ಎಂದೊಬ್ಬ. “ನಿನ್ ಮುಖಕ್ಕೆ ಡಬಲ್ ರೇಟು,” ಅಂದೆ. ಮತ್ತೆ ನಗು. ಆಮೇಲೆ ಟರ್ಬೋ ಮಾತು ಶುರುವಾಯಿತು. ಒಬ್ಬೊಬ್ಬರೇ ಬೆನ್ನು ತಿರುಗಿಸಿ ಬಾನೆಟ್‌ಗಳೊಳಗೆ ಬಗ್ಗಿದರು. ಬೇಕೆಂದು ಮಾಡಿದ್ದಲ್ಲ. ನನ್ನ ಬಳಿ ಎತ್ತಿ ತೋರಿಸಲು ಬಾನೆಟ್ ಇರಲಿಲ್ಲ, ಅಷ್ಟೇ.

ಅರ್ಧ ಗ್ಲಾಸ್ ಬಿಟ್ಟು ಎದ್ದುಬಂದೆ. ಯಾರೂ ಕೇಳಲಿಲ್ಲ.

ಜೂನ್ 30, ಸೋಮವಾರ

ಇವತ್ತು ಒಂದು ತಮಾಷೆ. ರೈಲ್ವೆ ಸ್ಟೇಷನ್ ಎದುರು ಸ್ಯಾಂಡ್‌ವಿಚ್ ತಿನ್ನುತ್ತ ಗಾಡಿಯಲ್ಲಿ ಕೂತಿದ್ದೆ. ಹಿಂದಿನ ಬಾಗಿಲು ತೆರೆಯಿತು. ಮುದುಕಿಯೊಬ್ಬರು ನಾಲ್ಕು ಚೀಲ ಒಳಗೆ ತುರುಕಿ ತಾವೂ ಕೂತರು.

“ಬಿಂಗ್ಲಿಗಪ್ಪಾ. ನಿಧಾನಕ್ಕೆ ಹೋಗು, ಮೊಟ್ಟೆ ಇದಾವೆ.”

ಇದು ಟ್ಯಾಕ್ಸಿ ಅಲ್ಲಮ್ಮ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು. ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ಹೊರಟೆ. ಮಿಸೆಸ್ ಅಕ್ರಾಯ್ಡ್ ಅಂತೆ. ಸೊಂಟನೋವು, ಸೊಸೆ, ಚರ್ಚಿನ ಹೊಸ ಪಾದ್ರಿ, ಬೆಕ್ಕಿಗೆ ಸಕ್ಕರೆ ಕಾಯಿಲೆ... ಇಪ್ಪತ್ತು ನಿಮಿಷ ಬಿಡದೆ ಮಾತಾಡಿದರು. ಇಳಿಸಿ ದುಡ್ಡು ಬೇಡ ಅಂದಾಗ ಮುಖ ಸಿಂಡರಿಸಿದರು.

“ಹಿಂಗೆ ಮಾಡಿದ್ರೆ ಉದ್ಧಾರ ಆದಂಗೇ ನೀನು.”

ಗುರುವಾರದಿಂದ ಈಚೆಗೆ ನನ್ನ ಜೊತೆ ಇಷ್ಟು ಹೊತ್ತು ಮಾತಾಡಿದ್ದು ಅವರೊಬ್ಬರೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಜುಲೈ 5, ಶನಿವಾರ, ಬೆಳಗ್ಗೆ 9.40

ಹೆದ್ದಾರಿ ಅಂಚು, ಕಾರ್ಲೈಲ್ ದಾಟಿ. ಒಂದು ಗಂಟೆಯಿಂದ ಕೆಟ್ಟ ಗಾಡಿ ಎಳೆಯುವ ಲಾರಿಗೆ ಕಾಯುತ್ತಿದ್ದೇನೆ. ತಡೆಗಂಬಿಯ ಆಚೆ, ಹುಲ್ಲಿನ ಮೇಲೆ ಕೂತು ಬರೆಯುತ್ತಿರುವುದು.

ನನ್ನಂಥ ಮುಠ್ಠಾಳ ಇನ್ನೊಬ್ಬನಿಲ್ಲ.

ಬಂಕ್‌ಗೆ ಹೋದೆ. ಹಸಿರು ಪೈಪು ತೆಗೆದೆ. ನಲವತ್ತು ಲೀಟರ್ ಪೆಟ್ರೋಲ್ ತುಂಬಿಸಿದೆ. ಡೀಸೆಲ್ ಗಾಡಿಗೆ! ಇಪ್ಪತ್ತೆರಡು ವರ್ಷದಿಂದ ಹಸಿರು ಪೈಪು ಹಿಡಿದ ಕೈ, ತಾನೇ ಹೋಗಿ ಹಿಡಿಯಿತು. ನಾನು ಬೆಥನಿಗೆ ಮೊದಲ ಮಾತು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಎರಡು ಮೈಲಿ ಓಡಿತು. ಕೆಮ್ಮಿತು, ಜರ್ಕ್ ಹೊಡೆಯಿತು, ನಿಂತಿತು.

ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದೆ. ಹದಿನೈದು ದಿನಕ್ಕೊಮ್ಮೆ ಬರುವ ಹೊಸ ಅಪ್ಪನ ಮೊದಲ ಶನಿವಾರ.

ಅದೇ ದಿನ, ಸಂಜೆ

ಪರ್ತ್ ಮುಟ್ಟಲಿಲ್ಲ. ಟ್ಯಾಂಕ್ ಬಿಚ್ಚಬೇಕು, ಸೋಮವಾರ ಬನ್ನಿ ಎಂದರು ಗ್ಯಾರೇಜಿನವರು. ಬಸ್ಸು, ರೈಲು, ಮತ್ತೆ ಬಸ್ಸು. ಮನೆಗೆ ಬಂದಾಗ ಏಳು. ಮೊಬೈಲು ಮನೆಯಲ್ಲೇ ಮರೆತಿದ್ದೆ, ಲಾರಿ ಕರೆದದ್ದೂ ಹೆದ್ದಾರಿ ಬದಿಯ ಫೋನಿನಿಂದ.

ಮ್ಯಾಕ್ಸಿನ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

“ಪೆಟ್ರೋಲ್ ಹಾಕ್ದೆ? ನೀನು? ಕಾರಿನ ಕಣ್ಣಲ್ಲೇ ಪ್ರಪಂಚ ನೋಡೋ ನೀನು? ಸುಳ್ಳಾದ್ರೂ ಸರಿಯಾಗಿ ಹೇಳೋದು ಕಲೀಬಾರ್ದಾ ಡೆಸ್. ಬೆಳಗ್ಗೆಯಿಂದ ಮೆಟ್ಟಿಲ ಮೇಲೆ ಕೂತಿದ್ಲು ಹುಡುಗಿ.”

“ಅವಳಿಗೆ ಫೋನ್ ಕೊಡು.”

“ಅವಳು ಈಜೋಕೆ ಹೋದ್ಲು. ಫರ್ಗಸ್ ಕರ್ಕೊಂಡು ಹೋದ.”

ಮೆಟ್ಟಿಲ ಮೇಲೆ ಕೂತಿದ್ದಳಂತೆ. ಇವತ್ತು ಹೊಟ್ಟೆನೋವೂ ಇರಲಿಲ್ಲ.

ಜುಲೈ 18, ಶುಕ್ರವಾರ

ಹದಿಮೂರು ದಿನ ಪುಸ್ತಕ ಮುಟ್ಟಿಲ್ಲ. ಬರೆಯಲು ಏನಿತ್ತು? ಕೆಲಸ, ಊಟ, ಟೀವಿ. ನೆವ್ ಫೋನ್ ಮಾಡಿಲ್ಲ. ಎರಡು ಗುರುವಾರ ಹೋಗಿಲ್ಲ, ಯಾಕೆ ಬರಲಿಲ್ಲ ಎಂದೂ ಯಾರೂ ಕೇಳಿಲ್ಲ. ಹನ್ನೊಂದು ವರ್ಷದ ಗೆಳೆತನ ಅಂದುಕೊಂಡಿದ್ದೆ. ಅದು ಕಾರುಗಳ ಗೆಳೆತನ, ನಾವು ಡ್ರೈವರ್‌ಗಳು.

ಟ್ಯಾಂಕ್ ಮುಚ್ಚಳದ ಮೇಲೆ ಕಪ್ಪು ಟೇಪ್ ಅಂಟಿಸಿ ‘ಡೀಸೆಲ್, ಕತ್ತೆ’ ಎಂದು ಬರೆದಿದ್ದೇನೆ. ನಾಳೆ ಪರ್ತ್. ಇದೂ ತಪ್ಪಿದರೆ ಮುಗಿಯಿತು.

ಜುಲೈ 19, ಶನಿವಾರ

ಮುಟ್ಟಿದೆ. ಹತ್ತೂಮುಕ್ಕಾಲಿಗೇ.

ಮನೆ ಎದುರೇ ನಿಲ್ಲಿಸಿದ್ದೆ. ಬೆಥನಿ ಹೊರಗೆ ಬಂದಳು. ಇನ್ನೂ ಒಂದು ಇಂಚು ಬೆಳೆದಿದ್ದಾಳೆ. ಬೀದಿಯ ಆ ತುದಿ ಈ ತುದಿ ನೋಡಿದಳು, ನನ್ನ ಪಕ್ಕದಲ್ಲೇ ಹಾದುಹೋದಳು, ಫೋನ್ ತೆಗೆದಳು. ನನ್ನ ಜೇಬು ಗುಂಯ್‌ಗುಟ್ಟಿತು.

“ಎಲ್ಲಿದ್ದೀಯ ಅಪ್ಪಾ?”

“ನಿನ್ ಹಿಂದೇನೇ.”

ತಿರುಗಿದಳು. ಬಾಯಿ ತೆರೆದಳು. “ಅಯ್ಯೋ! ಪಕ್ಕದ್ಮನೆಯವ್ರು ಟ್ಯಾಕ್ಸಿ ಕರೆಸಿದ್ದಾರೆ ಅನ್ಕೊಂಡೆ!”

ಯಾವಾಗಲೂ ಹೋಗುವ ಗ್ಲೆನ್‌ಶೀ ಬೆಟ್ಟದ ದಾರಿಯನ್ನೇ ಹಿಡಿದೆ. ಈ ಗಾಡಿಯಲ್ಲಿ ಅಲ್ಲಿ ಹಾರಿಸಲು ಏನೂ ಇಲ್ಲ, ಉಸ್ಸಪ್ಪಾ ಎಂದು ಏರುತ್ತದೆ. ಆದರೆ ಬೆಥನಿ ಮಾತಾಡಿದಳು! ಈಜಿನ ಕೋಚು, ಮೋರಾಗ್ ಎಂಬ ಗೆಳತಿ, ಅವಳ ಅಣ್ಣನ ಗಿಟಾರು. ಹತ್ತು ಮೈಲಿ ನಿಲ್ಲಿಸಲಿಲ್ಲ. ನಾಲ್ಕು ವರ್ಷದಲ್ಲಿ ಈ ರಸ್ತೆಯಲ್ಲಿ ಅವಳು ಇಷ್ಟು ಮಾತಾಡಿದ್ದೇ ಇಲ್ಲ. ಪಾಪ, ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡೆ.

“ನೀಲಿ ಕಾರು ಹೋಯ್ತು ಅಂತ ಬೇಜಾರಾ ಪುಟ್ಟಾ? ಪದೇ ಪದೇ ಬರೋಕಾಗ್ಲಿ ಅಂತ ಮಾರ್ದೆ. ನಿಂಗೆ ಅದಂದ್ರೆ ಎಷ್ಟು ಇಷ್ಟ ಅಂತ ಗೊತ್ತು...”

ಕಿಟಕಿ ಗಾಜು ಇಳಿಸಿದಳು. ಆಮೇಲೆ, “ಅಪ್ಪಾ, ಬಯ್ಯಲ್ಲ ತಾನೆ?”

“ಬಯ್ಯೋಕೆ ಏನಿದೆ?”

“ಅದ್ರಲ್ಲಿ ಕೂತಾಗೆಲ್ಲ ನಂಗೆ ವಾಂತಿ ಬರ್ತಿತ್ತು. ಪ್ರತಿ ಸಲಾನೂ. ಸದ್ದು ಕೇಳಿದ ತಕ್ಷಣ ಮಾತ್ರೆ ನುಂಗಿ ಬಾಗಿಲಿಗೆ ಬರ್ತಿದ್ದೆ. ಈ ತಿರುವುಗಳಿವೆಯಲ್ಲ... ಹದಿನೇಳು. ಕಣ್ಮುಚ್ಚಿ ಎಣಿಸ್ತಿದ್ದೆ.”

“ಮತ್ತೆ ಹೇಳ್ಬಾರ್ದಿತ್ತಾ!”

“ಹೆಂಗ್ ಹೇಳ್ಲಿ? ಆ ಕಾರಲ್ಲಿ ಕೂತ್ರೆ ಮಾತ್ರ ನೀನು ನಗ್ತಿದ್ದೆ.”

ಗಾಡಿ ಬದಿಗೆ ಹಾಕಿದೆ. ಕನ್ನಡಕ ಒರೆಸಿದೆ. ಅದರಲ್ಲಿ ಕೊಳೆಯೇನೂ ಇರಲಿಲ್ಲ.

ಜುಲೈ 20, ಭಾನುವಾರ

ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದಳು. ಮುಖ ಬೆಳ್ಳಗಾಗಿರುತ್ತಿತ್ತು. ಥ್ರಿಲ್ ಅಂದುಕೊಂಡು ಇನ್ನೂ ತುಳಿಯುತ್ತಿದ್ದೆ.

ಮ್ಯಾಕ್ಸಿನ್‌ಗೆ ಗೊತ್ತಿತ್ತು. ಅಪ್ಪನಿಗೆ ಹೇಳಕೂಡದು ಎಂದು ಮಗಳು ಆಣೆ ಹಾಕಿಸಿದ್ದಳಂತೆ. ನಾನು ಮನೆಗೆ ಬಿಟ್ಟು ಹೊರಟ ಮೇಲೆ ಮಗಳು ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಳಂತೆ. ಫರ್ಗಸ್ ಹೊರಗೆ ಟವೆಲ್ ಹಿಡಿದು ನಿಂತಿರುತ್ತಿದ್ದನಂತೆ. ಮ್ಯಾಕ್ಸಿನ್ ಫೋನಿನಲ್ಲಿ ಹೇಳುತ್ತ ಹೋದಳು, ನಾನು ಹೂಂಗುಟ್ಟುತ್ತ ಹೋದೆ. ನಾಲ್ಕು ವರ್ಷ. ನಾನು ಅಷ್ಟು ಹೊತ್ತಿಗೆ ಹೆದ್ದಾರಿಯಲ್ಲಿ, ಮಗಳನ್ನು ಖುಷಿಪಡಿಸಿದ ಹೆಮ್ಮೆಯಲ್ಲಿ, ಹಾಡು ಹಾಕಿಕೊಂಡು.

ಕಾರು ಹೋದದ್ದಕ್ಕಿಂತ ಇದು ಹೆಚ್ಚು ನೋಯುತ್ತಿದೆ. ನಾವಿಬ್ಬರೂ ಜೊತೆಗಿದ್ದೆವು ಎಂದುಕೊಂಡ ಅಷ್ಟೂ ದಿನ ನಾನೊಬ್ಬನೇ ಇದ್ದೆ. ಫರ್ಗಸ್‌ನ ಮೇಲೆ ಹೊಟ್ಟೆ ಉರಿಯುತ್ತಿದೆ, ಟವೆಲ್ ಹಿಡಿದಿದ್ದಕ್ಕೆ.

ಜುಲೈ 29, ಮಂಗಳವಾರ

ಬೆಥನಿ ಫೋನು. ಅವಳಾಗಿಯೇ ಮಾಡಿದ್ದು. ಲಿಫ್ಟಿನ ತಳದ ಗುಂಡಿಗೆ ಏಣಿ ಇಳಿಯುತ್ತಿದ್ದೆ, ಬಿದ್ದೇಹೋಗುತ್ತಿದ್ದೆ.

“ಅಪ್ಪಾ, ನಿನ್ ಮನೇಲಿ ಇನ್ನೊಂದು ಹಾಸಿಗೆ ಇದೆಯಾ?”

“ಇದೆಯಲ್ಲ.” ಇರಲಿಲ್ಲ.

“ಒಂದ್ವಾರ ಬಂದಿರ್ಲಾ? ಅಮ್ಮ ಹೂಂ ಅಂದ್ಲು. ಆ ಕಾರಲ್ಲಿ ಐದು ಗಂಟೆ ಅಂದ್ರೆ ಸತ್ತೇಹೋಗ್ತಿದ್ದೆ, ಅದಕ್ಕೇ ಇಷ್ಟು ದಿನ ಕೇಳ್ಲಿಲ್ಲ.”

ಬರಲು ಇಷ್ಟವಿಲ್ಲ ಅಂದುಕೊಂಡು ನಾನೂ ಕರೆದಿರಲಿಲ್ಲ. ಸಂಜೆ ಮಂಚ, ಹಾಸಿಗೆ, ದಿಂಬು ತಂದೆ. ಸ್ಕೋಡಾದ ಹಿಂದೆ ಮೂರೂ ಹಿಡಿಸಿದವು.

ಆಗಸ್ಟ್ 2, ಶನಿವಾರ, ಮಧ್ಯಾಹ್ನ 1.50

ಟೀಬೆ ಹತ್ತಿರ, ಹೆದ್ದಾರಿ ಪಕ್ಕದ ಹೋಟೆಲಿನ ಪಾರ್ಕಿಂಗ್. ಬೆಥನಿ ಪಕ್ಕದ ಸೀಟಿನಲ್ಲಿ ನಿದ್ದೆ. ಸ್ಟರ್ಲಿಂಗ್ ದಾಟುವ ಮೊದಲೇ ಕಣ್ಣು ಮುಚ್ಚಿದವಳು. ನನ್ನ ಕಾರಿನಲ್ಲಿ ನಿದ್ದೆ ಮಾಡಿದ್ದು ಇದೇ ಮೊದಲು. ಬಾಯಿ ಅರ್ಧ ತೆರೆದಿದೆ. ಸಣ್ಣ ಗೊರಕೆ ಬೇರೆ.

ಟೀ ಕುಡಿಯಬೇಕು. ಬಾಗಿಲು ತೆರೆದರೆ ಎಚ್ಚರವಾಗುತ್ತದೆ. ಬೇಡ.

ಶಾಲೆ ಶುರುವಾದ ಮೇಲೆ ಏನು ಮಾಡುತ್ತೀ, ಬರುತ್ತೀಯೋ ಇಲ್ಲವೋ ಎಂದು ಇನ್ನೂ ಕೇಳಿಲ್ಲ. ಬೆಳಗ್ಗೆಯಿಂದ ನಾಲ್ಕು ಸಲ ಬಾಯಿ ತೆರೆದು ಮುಚ್ಚಿದ್ದೇನೆ. ಹೆದರಿಕೆ. ಬೇಡ ಎಂದುಬಿಟ್ಟರೆ ಮುಂದಿನ ಏಳು ದಿನ ಅದೇ ಮನೆಯಲ್ಲಿ ಎದುರುಬದುರು ಕೂರಬೇಕಲ್ಲ. ಒಂದು ವಾರ ಆಗಲಿ. ಆಮೇಲೆ ಕೇಳಿದರಾಯಿತು, ವಾಪಸ್ ಬಿಡಲು ಹೋಗುವಾಗ...

ಮಗ್ಗುಲು ಬದಲಿಸಿದಳು. ಕಣ್ಣು ಪೂರ್ತಿ ಬಿಡದೆಯೇ ಕೇಳಿದಳು, “ಮನೆ ಬಂತಾ ಅಪ್ಪಾ?”

“ಇನ್ನೂ ಇಲ್ಲ ಪುಟ್ಟಾ, ಮಲ್ಕೋ, ಇನ್ನೊಂದು ಗಂಟೆ ಮೇಲಾಗುತ್ತೆ ಮನೆಗೆ,” ಅಂದೆ.