ಸರ್ಟಿಫಿಕೇಟಿಗಾಗಿ ಹಾಕಿದ ಅಲ್ಪವಿರಾಮಗಳು

ಕಾಲೇಜಿನ ಸ್ವಯಂಸೇವಾ ವಿಭಾಗದ ಮಾನ್ಯ ಸಂಯೋಜಕರೇ,

ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಒಂದು ತಂತ್ರಾಂಶವನ್ನು ನಿಮ್ಮ ಸ್ವಯಂಸೇವಕರು ಸೇವೆ ಮಾಡಿ ಮಾಡಿಯೇ ನಿಂತುಹೋಗುವಂತೆ ಮಾಡಿದ್ದಾರೆ. ಅಭಿನಂದನೆಗಳು.

ಅದರ ಕೋಡ್ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಆದರೆ ಪೂರ್ತಿ ಅರ್ಥವಾಗುವುದು ಡೊಂಬಿವಲಿಯ ಶ್ರೀವಿದ್ಯಾ ಮೇಡಂ ಒಬ್ಬರಿಗೇ. ಥಾಣೆಯ ಆಫೀಸು, ಮುಂಬಯಿ ಲೋಕಲ್ ರೈಲಿನ ನೂಕುನುಗ್ಗಲು ಎಲ್ಲ ಮುಗಿಸಿ, ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದರು. ವಿಠ್ಠಲವಾಡಿಯಲ್ಲಿರುವ ನನ್ನ ದೊಡ್ಡಮ್ಮ ವಸಂತಿಗೆ ಕಣ್ಣು ಕಾಣದು. ಪೇಪರು, ಊರಿನ ವಾಟ್ಸಾಪು ಎಲ್ಲ ಅದರಿಂದಲೇ ಕೇಳುತ್ತಿದ್ದರು. ಹಾಸ್ಟೆಲಿನ ಇಂಗ್ಲಿಷಿನಲ್ಲೇ ಬೆಳೆದ ನಾನು ಕನ್ನಡ ಕಲಿತದ್ದೂ ಅವರ ಪಕ್ಕ ಕೂತು, ಆ ದನಿ ಕೇಳಿಯೇ. ಈಚೆಗೆ ಫೋನು ಅಪ್‌ಡೇಟ್ ಆದ ಮೇಲೆ ಅದು ಮಾತಿನ ನಡುವೆ ನಿಂತುಬಿಡತೊಡಗಿತು.

"ಇದಕ್ಕೆ ಎಂತ ಆಯ್ತು ಮಗಾ, ನನಗಿಂತ ಹೆಚ್ಚು ತೊದಲ್ತದೆ?" ಎಂದರು ದೊಡ್ಡಮ್ಮ.

ದುರಸ್ತಿಗೆ ಮೇಡಂ ನಿಮ್ಮ ನೆರವು ಕೇಳಿದರು. "ಒಬ್ರು ಸಾಕು ಸಾರ್, ಒಂದೆರಡು ವರ್ಷ ಕೂತು ಕಲಿಯೋವ್ರು" ಎಂದಷ್ಟೇ ಕೇಳಿದ್ದು. ನೀವು ಉದಾರಿಗಳು, ಇಡೀ ಫಸ್ಟ್ ಇಯರನ್ನೇ ಕಳಿಸಿದಿರಿ. ಒಂದು ತಿದ್ದುಪಡಿಗೆ ಒಂದು ಸರ್ಟಿಫಿಕೇಟ್; ಅದಿಲ್ಲದಿದ್ದರೆ ಇಂಟರ್ನಲ್ ಮಾರ್ಕ್ಸ್ ಇಲ್ಲ. "ಟೆನ್ಶನ್ ಕಾಯ್ಕೊ ಲೇತೀ ಹೈ? ತಲೆಬಿಸಿ ಯಾಕೆ, ಎಲ್ಲಾದ್ರೂ ಒಂದು ಕಾಮಾ ಹಾಕು, ಬಸ್" ಎಂದ ನನ್ನ ಕ್ಲಾಸಿನ ಸುಜನ್. ಅವನದು ತಪ್ಪೇ? ನೀವು ಕೇಳಿದ್ದೂ ಅಷ್ಟೇ ಅಲ್ಲವೇ? ಅಲ್ಪವಿರಾಮಗಳು ರಾಶಿರಾಶಿಯಾಗಿ ಹೋದವು. ಚಾಟ್‌ಬಾಟ್ ಬರೆದುಕೊಟ್ಟ, ಕಳಿಸಿದವರೇ ಓದದ ಕೋಡೂ ಹೋಯಿತು. ಒಂದೊಂದನ್ನೂ ಓದಿ ಬೇಡವೆನ್ನಬೇಕಾದವರು ಮೇಡಂ. ದುರಸ್ತಿಗೆಂದು ಹಾಕಿದ್ದ ರಜೆಯೆಲ್ಲ ಅದಕ್ಕೇ ಮುಗಿಯಿತು.

ನಾನು ಏನನ್ನೂ ಕಳಿಸಲಿಲ್ಲ. ಕಲಿಸಿ ಎಂದು ಕೇಳಲು ಅವರ ಮನೆಗೇ ಹೋದೆ. ಚಹಾ ಕೊಟ್ಟರು. "ಮುಂಚೆ ಬಂದಿದ್ರೆ ಹೇಳಿಕೊಡ್ತಿದ್ನಮ್ಮ. ಈಗ ಸಾಕಾಯ್ತು, ನೋಡ್ಕೊಳ್ಳೋದೇ ಬಿಟ್ಟೆ" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಪಸು ಬರುವಾಗ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ದೊಡ್ಡಮ್ಮನಿಗೆ ಏನು ಹೇಳಲಿ, ಮಾನ್ಯರೇ? ನಮ್ಮ ಕಾಲೇಜಿಗೆ ಒಳ್ಳೆಯ ಹೆಸರು ಬಂತು ಎಂದೇ?

ಸರ್ಟಿಫಿಕೇಟಿಗೆ ಮಾರ್ಕ್ಸ್ ಕೊಡುವ ನಿಯಮ ಹಿಂತೆಗೆದುಕೊಳ್ಳಿ. ಈ ಕೋಡ್ ಓದಿ ಕಲಿಯಬಲ್ಲ ಒಬ್ಬ ಅಧ್ಯಾಪಕರಿಗೆ ಕ್ಲಾಸು ಕಡಿಮೆ ಮಾಡಿ, ಎರಡು ವರ್ಷ ಇದಕ್ಕೇ ಬಿಡಿ. ಅವರ ಜೊತೆ ಕೂತು ಕಲಿಯಲು ನಾನು ಬರುತ್ತೇನೆ. ಅದಕ್ಕೂ ಮೊದಲು ನವಿ ಮುಂಬಯಿಯಿಂದ ನೀವೇ ಡೊಂಬಿವಲಿಗೆ ಹೋಗಿ ಮೇಡಂ ಹತ್ತಿರ ಕ್ಷಮೆ ಕೇಳಿ. ಅವರು ಕ್ಷಮಿಸದಿದ್ದರೆ, ಅದನ್ನೂ ವಾರ್ಷಿಕ ವರದಿಯಲ್ಲಿ ಸಾಧನೆ ಎಂದೇ ಬರೆದುಕೊಳ್ಳಿ.

ಇಂತಿ,
ಸರ್ಟಿಫಿಕೇಟೂ ಇಲ್ಲದ, ವಿದ್ಯೆಯೂ ಸಿಗದ
ನಿಶ್ಮಿತಾ, ಪ್ರಥಮ ವರ್ಷ
(ಇಂಟರ್ನಲ್ ಮಾರ್ಕ್ಸ್ ಇನ್ನೂ ನಿಮ್ಮ ಕೈಯಲ್ಲೇ ಇದೆ ಎಂದು ಗೊತ್ತಿದ್ದೂ ಹೆಸರು ಹಾಕಿದ್ದೇನೆ.)