ದ್ರಾಕ್ಷಿ ತಿಂದ ಉಪವಾಸ

ಜನವರಿ 8, ಮಂಗಳವಾರ. ಸಂಜೆ 5

ಕಾಲು ಬಕೆಟ್‌ನಲ್ಲಿದೆ. ಬಿಸಿನೀರು, ಒಂದು ಹಿಡಿ ಉಪ್ಪು. ಇವತ್ತು ಕಾರ್ಖಾನೆಯಲ್ಲಿ ಒಂಬತ್ತು ಗಂಟೆ ನಿಂತು ಮೀನು ಕೊಯ್ದೆ. ಬೆರಳು ಇನ್ನೂ ಮರಗಟ್ಟಿದೆ, ಪೆನ್ನು ಹಿಡಿಯುವುದೇ ಕಷ್ಟ.

ಆಮೇಲೆ ಲೂಶಸ್‌ನನ್ನು ಡಯಾಲಿಸಿಸ್‌ನಿಂದ ಕರೆತಂದೆ. ಮಂಗಳವಾರ, ಗುರುವಾರ, ಶನಿವಾರ — ಎರಡು ವರ್ಷದಿಂದ ಇದೇ. ತಮ್ಮ. ಐವತ್ತೆರಡು. ಅಮ್ಮ ಹೋದಾಗ ಅವನಿಗೆ ಒಂಬತ್ತು, ನನಗೆ ಹದಿನಾಲ್ಕು. ಅವತ್ತಿನಿಂದ ಅವನು ನನ್ನ ಪಾಲಿಗೆ ಬಂದವನು. ಸಕ್ಕರೆ ಕಾಯಿಲೆ ಅವನ ಎರಡೂ ಕಿಡ್ನಿ ತಿಂದುಹಾಕಿದೆ.

ಕಾರಿನ ಸೀಟು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡೇ ಕೇಳಿದ. "ಅಕ್ಕ, ಜಾಕ್ಸನ್ ಆಸ್ಪತ್ರೆಯೋರು ಫೋನ್ ಮಾಡಿದ್ರಾ?"

"ಮಾಡಿದ್ರು. ನಿಂದು ನಂದು ರಕ್ತ ಹೊಂದುತ್ತಂತೆ. ಇನ್ನು ಸಕ್ಕರೆ, ಬೀಪಿ, ಹೃದಯ ಎಲ್ಲಾ ನೋಡ್ಬೇಕಂತೆ."

"ಹೃದಯ ನೋಡೋಕೆ ಯಂತ್ರ ಯಾಕೆ? ನನ್ನ ಕೇಳಿದ್ರೆ ಕಲ್ಲು ಅಂತ ಹೇಳ್ತಿದ್ದೆ."

ನಕ್ಕೆ. ಅಷ್ಟಕ್ಕೆ ಮಾತ್ರ ಶಕ್ತಿ ಉಳಿದಿತ್ತು.

ಒಂದು ಕಿಡ್ನಿ ಕೊಡುತ್ತೇನೆ ಎಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದವಳು ನಾನೇ. ಯಾರೂ ಕೇಳಿರಲಿಲ್ಲ. ಹೇಳಿದ ರಾತ್ರಿಯಿಂದ ಹೆದರಿಕೆ. ಈ ದೇಹದಲ್ಲಿ ಕೊಡುವುದಕ್ಕೆ ಏನು ಉಳಿದಿದೆ ಎಂದು ಯೋಚನೆ.

ಜನವರಿ 13, ಭಾನುವಾರ

ಈ ವರ್ಷದ ಬೈಬಲಿನ ದಾನಿಯೇಲನ ಉಪವಾಸ ಲೂಶಸ್‌ನ ಹೆಸರಿನಲ್ಲಿ ಎಂದು ಪಾಸ್ಟರ್ ಸಾರಿದರು. ಇವತ್ತಿನಿಂದ ಇಪ್ಪತ್ತೊಂದು ದಿನ. ಮಾಂಸ ಇಲ್ಲ, ಬ್ರೆಡ್ ಇಲ್ಲ, ಕೇಕು ಪಾಕು ಇಲ್ಲ. ಹಣ್ಣು, ತರಕಾರಿ, ಕಾಳು. ಸಭೆಯೆಲ್ಲ ತಿರುಗಿ ನನ್ನನ್ನೇ ನೋಡಿತು.

ಹೊರಗೆ ಮದರ್ ಪೆಗೀಸ್ ನನ್ನ ಕೆನ್ನೆ ಹಿಡಿದುಕೊಂಡಳು. ಚರ್ಚಿಗೆಲ್ಲ ಹಿರಿಯಳು, ಎಂಬತ್ತೆಂಟಾಯಿತು, ಹಿಡಿತ ಮಾತ್ರ ಇಕ್ಕಳ.

"ವರ್ಲೀನ್, ಮಗಳೇ, ನಿನ್ನ ಮೈ ಈಗ ನಿಂದಲ್ಲ. ದೇವರದ್ದು. ಹುಷಾರಾಗಿಟ್ಕೋ."

ತಲೆಯಾಡಿಸಿದೆ. ಮೈ ನನ್ನದಲ್ಲದಿದ್ದರೆ ಈ ಮಂಡಿನೋವು ಯಾರದು ಎಂದು ಕೇಳಬೇಕೆನಿಸಿತು.

ಜನವರಿ 17, ಗುರುವಾರ

ಬೆಳಿಗ್ಗೆ ಊರಿನ ಕ್ಲಿನಿಕ್‌ನಲ್ಲಿ ರಕ್ತ ಕೊಟ್ಟು ಬಂದೆ. ಅದನ್ನು ಜಾಕ್ಸನ್‌ಗೆ ಕಳಿಸುತ್ತಾರೆ. ಉಪವಾಸವಿದ್ದು ಬನ್ನಿ ಎಂದು ಚೀಟಿಯಲ್ಲಿತ್ತು. ಇದ್ದೇನಲ್ಲ, ಐದನೇ ದಿನ! ಬೆಳಗಿನ ತಿಂಡಿಗೆ ಒಂದು ಬಟ್ಟಲು ದ್ರಾಕ್ಷಿ, ಎರಡು ಬಾಳೆಹಣ್ಣು, ದೊಡ್ಡ ಲೋಟದಲ್ಲಿ ಸೇಬಿನ ಜ್ಯೂಸ್. ಪಕ್ಕದ ಮನೆಯಿಂದ ಬೇಕನ್ ಮಾಂಸ ಹುರಿಯುವ ವಾಸನೆ ಬಂತು. ಅತ್ತ ತಿರುಗಿಯೂ ನೋಡಲಿಲ್ಲ.

ಸೂಜಿ ಚುಚ್ಚುವ ಹುಡುಗಿ ಕೇಳಿದಳು, "ಉಪವಾಸ ಇದ್ದೀರಾ ಮ್ಯಾಮ್?"

"ಇಪ್ಪತ್ತೊಂದು ದಿನದ್ದು ಕಣಮ್ಮ."

ತಮಾಷೆ ಎಂದುಕೊಂಡು ನಕ್ಕಳು. ಸೀದಾ ಕೆಲಸಕ್ಕೆ ಹೋದೆ.

ಜನವರಿ 23, ಬುಧವಾರ

ಮಧ್ಯಾಹ್ನ ಊಟದ ಹೊತ್ತಿಗೆ ಜಾಕ್ಸನ್‌ನಿಂದ ಫೋನ್. ಮಿಸ್ ಕ್ವಿನ್ — ಕಿಡ್ನಿ ಕೊಡುವವರ ಫೈಲು ನೋಡಿಕೊಳ್ಳುವಾಕೆ. ನಾನು ರಬ್ಬರ್ ಬೂಟಿನಲ್ಲೇ ಕಾರ್ಖಾನೆಯ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ.

"ಮಿಸ್ ವರ್ಲೀನ್, ನಿಮ್ಮ ಉಪವಾಸದ ಸಕ್ಕರೆ ನೂರಾ ಎಂಬತ್ತನಾಲ್ಕು ಬಂದಿದೆ. ಇಷ್ಟಿದ್ರೆ ನಾವು ಕಿಡ್ನಿ ತಗೊಳ್ಳೋ ಹಾಗಿಲ್ಲ. ನಿಮ್ಮ ಡಾಕ್ಟರನ್ನ ಬೇಗ ನೋಡಿ."

ಸಮಾಧಾನವಾಯಿತು. ಬರೆದೇಬಿಡುತ್ತೇನೆ, ಇದನ್ನು ಓದುವವರಾದರೂ ಯಾರು. ಮೊದಲು ಬಂದದ್ದು ಸಂಕಟವಲ್ಲ, ಸಮಾಧಾನ. ಹೆಗಲಿನಿಂದ ಮೂಟೆ ಇಳಿದ ಹಾಗಾಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕೊಡುತ್ತೇನೆ ಎಂದ ಹೆಸರೂ ಬಂತು, ಕೊಡುವುದೂ ತಪ್ಪಿತು. ಎಂಥ ಅಕ್ಕ ನಾನು.

ಲೂಶಸ್‌ಗೆ ಹೇಳಿದೆ. "ಹೋಗ್ಲಿ ಬಿಡಕ್ಕ" ಎಂದ. ಟೀವಿಯ ಸದ್ದು ಹೆಚ್ಚು ಮಾಡಿದ.

ಜನವರಿ 24, ಗುರುವಾರ

ಮೀನು ಕೊಯ್ಯುವ ಲೈನಿನಲ್ಲಿ ನನ್ನ ಪಕ್ಕ ನಿಲ್ಲುವ ಶಾರ್ಲೀನ್‌ಗೆ ಹೇಳಿದೆ. ಅವಳ ಗಂಡನಿಗೂ ಸಕ್ಕರೆ, ಅವಳಿಗೆ ಎಲ್ಲ ಗೊತ್ತು.

"ನೂರಾ ಎಂಬತ್ತನಾಲ್ಕಾ? ಏನಾದ್ರೂ ತಿಂದ್ಕೊಂಡು ಹೋಗಿದ್ಯಾ?"

"ಉಪವಾಸದಲ್ಲಿ ತಿನ್ತಾರೇನೇ? ದ್ರಾಕ್ಷಿ, ಬಾಳೆಹಣ್ಣು, ಜ್ಯೂಸು. ಅಷ್ಟೇ."

ಚಾಕು ಕೆಳಗಿಟ್ಟಳು. ಅವಳ ಮುಂದೆ ಮೀನು ರಾಶಿ ಬಿತ್ತು. "ಅಯ್ಯೋ ಪೆದ್ದಿ, ಅದು ದೇವರ ಉಪವಾಸ. ಡಾಕ್ಟರ ಉಪವಾಸ ಅಂದ್ರೆ ನೀರು ಮಾತ್ರ. ಇನ್ನೇನೂ ಇಲ್ಲ."

ಈಗ ನನಗೆ ಗೊತ್ತು. ಮಿಸ್ ಕ್ವಿನ್‌ಗೆ ಗೊತ್ತಿಲ್ಲ.

ಫೆಬ್ರವರಿ 2, ಶನಿವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಫೋನೂ ಮಾಡಿಲ್ಲ. ದಣಿವು, ಓವರ್‌ಟೈಮ್ — ನೆಪಕ್ಕೇನು ಬರವೇ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಕ್ಷಮೆ ಇರಬಹುದು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಕ್ಕೆ?

ಇವತ್ತು ಡಯಾಲಿಸಿಸ್ ಮುಗಿದ ಮೇಲೆ ಲೂಶಸ್‌ನ ಮೀನಖಂಡ ಹಿಡಿದುಕೊಂಡುಬಿಟ್ಟಿತು. ಆ ಗಡವ ಕುರ್ಚಿಯ ಕೈ ಅವುಚಿಕೊಂಡು ಅತ್ತ. ನಾನು ನೆಲದಲ್ಲಿ ಕೂತು ಕಾಲು ನೀವಿದೆ. ಆಮೇಲೆ ಕಾರಿನಲ್ಲಿ ನನ್ನ ಕೈಲಿ ತಡೆಯಲಾಗಲಿಲ್ಲ. ದ್ರಾಕ್ಷಿ, ಜ್ಯೂಸ್, ಶಾರ್ಲೀನ್, ಒಂಬತ್ತು ದಿನದ ಮೌನ, ಎಲ್ಲ ಹೇಳಿದೆ. ಸಮಾಧಾನವಾಗಿತ್ತು ಎಂಬುದನ್ನೂ ಹೇಳಿದೆ.

ಅವನು ಹೊಟ್ಟೆ ಕುಣಿಯುವ ಹಾಗೆ ನಗತೊಡಗಿದ.

"ಅಕ್ಕ, ನಲವತ್ತು ವರ್ಷ ಸಂಡೇ ಸ್ಕೂಲಲ್ಲಿ ಪಾಠ ಹೇಳ್ದೋಳು ನೀನು. ದಾನಿಯೇಲ ಕುಡಿದಿದ್ದೇನು? ನೀರು! ಅವನೆಲ್ಲಿ ಜ್ಯೂಸ್ ಕುಡಿದ?"

ನಾನೂ ನಕ್ಕೆ, ಅತ್ತೆ. ರಸ್ತೆ ಬದಿಗೆ ಕಾರು ನಿಲ್ಲಿಸಬೇಕಾಯಿತು.

"ಫೋನ್ ಮಾಡ್ಬೇಡ" ಎಂದ ಕೊನೆಗೆ. "ನೀನು ದಣಿದಿದ್ದೀಯ. ನಂಗೆ ಕಾಣ್ಸುತ್ತೆ."

ಮಾಡು ಎಂದಿದ್ದರೆ ಮಾಡುತ್ತಿರಲಿಲ್ಲವೇನೋ.

ಫೆಬ್ರವರಿ 4, ಸೋಮವಾರ

ಫೋನ್ ಮಾಡಿದೆ. ದ್ರಾಕ್ಷಿಯ ಕಥೆ ಹೇಳಿದೆ. ಮಿಸ್ ಕ್ವಿನ್, "ಎಷ್ಟು ದ್ರಾಕ್ಷಿ?" ಎಂದಳು. ಒಂದು ಬಟ್ಟಲು ಎಂದೆ. ನಗು ತಡೆದುಕೊಂಡದ್ದು ಕೇಳಿಸಿತು. ಹದಿಮೂರಕ್ಕೆ ಜಾಕ್ಸನ್‌ಗೇ ಬರಬೇಕಂತೆ. ಹಿಂದಿನ ರಾತ್ರಿಯಿಂದ ನೀರು ಮಾತ್ರ.

ಫೆಬ್ರವರಿ 13, ಬುಧವಾರ

ನೀರು ಮಾತ್ರ. ಹನ್ನೊಂದು ಟ್ಯೂಬು ರಕ್ತ. ಸೊಂಟಕ್ಕೆ ಟೇಪು ಹಿಡಿದರು, ಬೀಪಿ ಮೂರು ಸಲ, ಎದೆಗೆ ವೈರು. ಹೊರಗೆ ಬೆಂಚಿನ ಮೇಲೆ ಕೂತಾಗ ಮೊದಲ ಸಲ ಮನಸ್ಸಿಟ್ಟು ಬೇಡಿಕೊಂಡೆ. ತೆಗೆದುಕೊಳ್ಳಲಿ. ಎಡಗಡೆಯದೋ ಬಲಗಡೆಯದೋ, ಯಾವುದಾದರೂ ಸರಿ. ಹೆದರಿಕೆ ಹೋಗಿಲ್ಲ. ಆದರೂ ಕೊಡಬೇಕು ಅನ್ನಿಸಿತು.

ಫೆಬ್ರವರಿ 22, ಶುಕ್ರವಾರ

ಆಗುವುದಿಲ್ಲ.

ಡಾಕ್ಟರು ಕಾಗದವನ್ನು ನನ್ನ ಕಡೆ ತಿರುಗಿಸಿ ಒಂದೊಂದಾಗಿ ತೋರಿಸಿದರು. ಬರೀ ಹೊಟ್ಟೆಯ ಸಕ್ಕರೆ 118. ಮೂರು ತಿಂಗಳ ಸರಾಸರಿ 6.3. ಬೀಪಿ ಗೆರೆಯ ಮೇಲೆ. ರಕ್ತದ ಕೊಬ್ಬು ಗೆರೆ ದಾಟಿ. ಸೊಂಟವಂತೂ ದಾಟಿ ಎಷ್ಟೋ ವರ್ಷವಾಯಿತು. ಮತ್ತೆ ಉರಿಯೂತದ್ದು ಒಂದು — ಎರಡು ಸಲ ನೋಡಿದರಂತೆ, ಎರಡು ಸಲವೂ ಜಾಸ್ತಿ.

"ಎಲ್ಲಿ ಉರೀತಿದೆ ಡಾಕ್ಟ್ರೇ? ನಂಗೇನೂ ಗೊತ್ತಾಗಲ್ವಲ್ಲ."

"ಗೊತ್ತಾಗಲ್ಲ. ಬೂದಿ ಮುಚ್ಚಿದ ಕೆಂಡ ಇದ್ದ ಹಾಗೆ. ಇದರಲ್ಲಿ ಒಂದೊಂದೂ ಚಿಕ್ಕದೇ, ಆದ್ರೆ ಎಲ್ಲಾ ಒಟ್ಟಿಗೆ ಸೇರಿವೆ. ಸಕ್ಕರೆ ಕಾಯಿಲೆಗೂ ಇದೇ ದಾರಿ, ಹಾರ್ಟ್ ಅಟ್ಯಾಕಿಗೂ ಇದೇ ದಾರಿ. ನಿಮ್ಮದೊಂದು ಕಿಡ್ನಿ ತೆಗೆದ್ರೆ, ನಾಳೆ ನಿಮ್ಮ ತಮ್ಮನ ಪಕ್ಕದ ಕುರ್ಚಿಗೆ ನೀವೇ ಬಂದು ಕೂತ್ಕೋಬಹುದು. ಅದು ನನ್ನ ಕೈಲಿ ಆಗಲ್ಲ."

"ಅವನಿಗೆ?"

"ಪಟ್ಟಿಯಲ್ಲಿದ್ದಾರೆ. ಕಾಯ್ಬೇಕು."

ಜನವರಿಯಲ್ಲಿ ಸಿಕ್ಕ ಉತ್ತರವೇ. ಅವತ್ತು ಹಗುರಾಗಿತ್ತು. ಇವತ್ತು ಪಾರ್ಕಿಂಗ್‌ನಲ್ಲಿ ಸ್ಟೀರಿಂಗಿಗೆ ಹಣೆ ಹಚ್ಚಿ ಅರ್ಧ ಗಂಟೆ ಅತ್ತೆ.

ಫೆಬ್ರವರಿ 24, ಭಾನುವಾರ

ಹೇಳುವುದಕ್ಕೆ ಎರಡು ದಿನ ಬೇಕಾಯಿತು. ಚರ್ಚಿನ ನಂತರ ಲೂಶಸ್‌ನ ಅಡಿಗೆಮನೆಯಲ್ಲಿ ಹೇಳಿದೆ. ಕೇಳಿ, ಎದ್ದು ಒಳಗೆ ಹೋದ. ಅಳುವುದಕ್ಕೆ ಹೋದ ಎಂದುಕೊಂಡೆ. ಬಂದಾಗ ಕೈಯಲ್ಲಿ ಸಕ್ಕರೆ ನೋಡುವ ಮೆಷಿನ್.

"ಕೈ ಕೊಡು."

"ಏ, ನಂಗಿನ್ನೂ ಬಂದಿಲ್ಲ ಕಣೋ."

"ಬರೋಕೆ ಮುಂಚೆ ಬಾಗ್ಲು ಹಾಕೋದು ಅಂದ್ರೆ ಇದೇ. ತುದಿಗೆ ಚುಚ್ಬೇಡ, ನೋಯುತ್ತೆ. ಪಕ್ಕಕ್ಕೆ. ಹೀಗೆ."

ಮೆಲ್ಲಗೆ ಚುಚ್ಚಿದ. ಅವನ ಕೈ ಎಷ್ಟು ತಣ್ಣಗಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೋಡಿಕೊಂಡು ಅವನಿಗೆ ಫೋನಿನಲ್ಲಿ ನಂಬರ್ ಹೇಳಬೇಕಂತೆ. ಅಪ್ಪಣೆ.

"ನಾನು ಪಟ್ಟೀಲಿ ಕಾಯ್ತೀನಿ" ಎಂದ. "ಅಲ್ಲೀವರ್ಗೂ ಓಡಿಸ್ಕೊಂಡು ಹೋಗೋಕೆ ನೀನು ಬೇಕು. ಡ್ರೈವರ್ ಕೆಟ್ರೆ ನಂಗೆ ಬೇರೆ ಗತಿ ಇಲ್ಲ."

ಫೆಬ್ರವರಿ 27 — 119. ಓಡಾಡು ಎಂದ. ಒಂಬತ್ತು ಗಂಟೆ ನಿಂತವಳಿಗೆ.

ಮಾರ್ಚ್ 1 — 116. ಚರ್ಚಿನ ಸುತ್ತ ನಾಲ್ಕು ಸುತ್ತು ನಡೆದೆ. ಮಂಡಿ ಬೈಯುತ್ತಿದೆ.

ಮಾರ್ಚ್ 5 — 111. ಫೋನಿನಲ್ಲಿ ಹಾಡಿದ. ನಿನ್ನ ಕಂಠ ಕೇಳಿದರೆ ಇನ್ನೂ ಐದು ಜಾಸ್ತಿಯಾಗುತ್ತದೆ ಎಂದೆ.

ಮಾರ್ಚ್ 11, ಸೋಮವಾರ. ಬೆಳಿಗ್ಗೆ 5:40

ನಿನ್ನೆ ಮದರ್ ಪೆಗೀಸ್‌ಳ ಹುಟ್ಟುಹಬ್ಬ. ಪೌಂಡ್ ಕೇಕು ಎರಡು ತುಂಡು — ಮೂರು. ಸಿಹಿ ಟೀ. ಬೇಡ ಎಂದರೆ ಆಕೆ ಬಿಡುವುದಿಲ್ಲ, ಬಿಡಲಿ ಎಂದು ನನಗೂ ಇರಲಿಲ್ಲ.

ಈಗ ನೋಡಿಕೊಂಡೆ. ಆ ನಂಬರ್ ಇಲ್ಲಿ ಬರೆಯಲೂ ಮನಸ್ಸು ಬರುತ್ತಿಲ್ಲ. ಲೂಶಸ್‌ಗೆ ಫೋನ್ ಮಾಡಿ ನೂರಾ ಹದಿನಾಲ್ಕು ಎಂದೆ. ಅವನು ಯಾಕೆ ನೊಂದುಕೊಳ್ಳಬೇಕು, ಅವನದೇ ಅವನಿಗೆ ಸಾಕಾಗಿದೆ.

ಲೈನ್ ಕಟ್ಟಾಯಿತೆಂದುಕೊಂಡೆ.

"ನೂರಾ ಹದಿನಾಲ್ಕು ನಂಗೆ ಚೆನ್ನಾಗಿ ಗೊತ್ತಕ್ಕ" ಎಂದ. "ನೀನು ಹನ್ನೊಂದು ವರ್ಷ ಫೋನ್ ಮಾಡಿ ಮಾಡಿ ಕೇಳ್ದೆ, ಲೂಶಸ್ ಸಕ್ಕರೆ ಎಷ್ಟು, ಲೂಶಸ್ ಸಕ್ಕರೆ ಎಷ್ಟು ಅಂತ. ನಾನು ಏನ್ ಹೇಳ್ತಿದ್ದೆ? ನೂರಾ ಹದಿನಾಲ್ಕು. ಇನ್ನೂರೈವತ್ತು ಇದ್ದಾಗ್ಲೂ, ಮುನ್ನೂರು ಇದ್ದಾಗ್ಲೂ. ನೀನು ನೊಂದ್ಕೋತೀಯಲ್ಲ ಅಂತ."

ಹನ್ನೊಂದು ವರ್ಷ, ಅಷ್ಟು ದಿನವೂ ನಂಬಿ ನಿಶ್ಚಿಂತೆಯಾಗಿ ಮಲಗಿದೆ.

"ಫೋನ್ ಇಡಲ್ಲ. ಡಯಾಲಿಸಿಸ್ ನಾಳೆ, ಇವತ್ತು ನಂಗೇನೂ ಕೆಲಸ ಇಲ್ಲ. ನಿಜ ಹೇಳು."

ಫೋನ್ ಮೇಜಿನ ಮೇಲೆ, ಸ್ಪೀಕರಿನಲ್ಲಿದೆ. ಅವನ ಉಸಿರು ಕೇಳುತ್ತಿದೆ. ಕೆಲಸಕ್ಕೆ ತಡವಾಗುತ್ತಿದೆ. ಆಗಲಿ. ಮೊದಲು ಇಲ್ಲಿ ಬರೆದು, ಬರೆದದ್ದನ್ನೇ ಓದಿ ಹೇಳುತ್ತೇನೆ, ಬಾಯಿ ತಪ್ಪದಂತೆ. ಇವತ್ತು, ಬರೀ ಹೊಟ್ಟೆಯಲ್ಲಿ, ನೂರಾ ಮೂವತ್ತನಾಲ್ಕು.