ಚೌಕದ ಅಳತೆಗಲ್ಲು

ಗಜೇಂದ್ರಗಡ
ತಾ. ೧೪-೩-೧೯೫೪

ಪ್ರೀತಿಯ ಹೇಮಣ್ಣಗೆ, ತಂಗಿ ಗುಡ್ಡವ್ವನ ನಮಸ್ಕಾರಗಳು.

ಸೊಲ್ಲಾಪುರದಲ್ಲಿ ನಿನ್ನ ಆರೋಗ್ಯ ಹೇಗಿದೆ? ಗಿರಣಿಯ ಧೂಳಿಗೆ ಹತ್ತಿದ ಕೆಮ್ಮು ಕಡಿಮೆಯಾಯಿತೇ? ಅವ್ವ ಆರಾಮಾಗಿದ್ದಾಳೆ. ನಿನ್ನ ಮಗ್ಗದ ಮೇಲೆ ಯಾರೂ ಕೂತಿಲ್ಲ, ದಿನಾ ಒರೆಸಿಡುತ್ತಾಳೆ.

ಇಲ್ಲಿಯ ಸುದ್ದಿಯೆಲ್ಲ ನಮ್ಮ ಚೌಕದ್ದೇ. ರೋಣದ ಬಸ್ಸು ಈಗ ಚೌಕದೊಳಗೇ ಬಂದು ತಿರುಗುತ್ತದೆ. ಜಾಗ ಸಾಲದೆಂದು ಕಟ್ಟೆಯನ್ನು ಅರ್ಧ ಒಡೆದಿದ್ದಾರೆ. ಮುದುಕರು ಉಳಿದರ್ಧದಲ್ಲೇ ಒತ್ತಿಕೊಂಡು ಕೂಡುತ್ತಾರೆ. ಚಹಾದಂಗಡಿಯ ಮದರಸಾಬ, "ಕಾಲ ಮ್ಯಾಲ ತಗೋರಿ, ಇಲ್ಲಂದ್ರ ಅವಷ್ಟ ರೋಣಕ್ಕ ಹೊಕ್ಕಾವು" ಎಂದು ಚಾಷ್ಟಿ ಮಾಡುತ್ತಾನೆ. ಈ ತಿಂಗಳ ಕೊನೆಗೆ ಅಳತೆಗಲ್ಲನ್ನೂ ಕೀಳುತ್ತಾರಂತೆ. ಸೀರೆಯ ಉದ್ದ ನೋಡಲು ಹಿಂದಿನವರು ಮೊಳದ ಗೀರು ಕೊರೆಸಿದ ಆ ಕಲ್ಲಿಗೆ, ನಮಗೆ ನೂಲು ಕೊಡುವ ಗ್ಯಾನಪ್ಪಕಾಕಾ ನಿನ್ನ ಸೀರೆ ಹಿಡಿದದ್ದು, ಒಂದೂವರೆ ಮೊಳ ಕಡಿಮೆ ಬಂದದ್ದು, "ನಂಬಿ ಕೊಟ್ಟ ನೂಲ ಕದೀತಿಯೇನಲೇ" ಎಂದು ಮಂದಿಯೆದುರು ಅಂದದ್ದು, ನೀನು ಸೀರೆ ಅಲ್ಲೇ ಬಿಟ್ಟು ಮನೆಗೆ ಬಂದದ್ದು ಯಾವುದೂ ನನ್ನ ಕಣ್ಣಿನಿಂದ ಹೋಗಿಲ್ಲ. "ಆ ಕಲ್ಲ ಇರೂತನಕ ಈ ಊರಿಗೆ ಬರಾಂಗಿಲ್ಲ" ಎಂದು ನೀನು ಹೋಗಿ ಎರಡು ವರ್ಷವಾಯಿತು. ಅವ್ವ ಈಗ, "ಲಗೂ ಬರಿಯವ್ವಾ, ಇನ್ನ ಅಂವ ಬರ್ತಾನ" ಎನ್ನುತ್ತಿದ್ದಾಳೆ. ಕಲ್ಲು ಕಿತ್ತರೆ ಜನರ ಬಾಯಿಯ ಮಾತೂ ಹೋದೀತೇ ಎಂದು ಅವಳಿಗೆ ಕೇಳಲು ನನಗೆ ಬಾಯಿ ಬರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ತಲೆ ಸವರಿದಂತೆ ಈ ಕಾಗದ ಸವರಿ ಕೊಟ್ಟಿದ್ದಾಳೆ.

ನಿನ್ನ ತಂಗಿ
ಗುಡ್ಡವ್ವ

ತಾ.ಕ.: ಅಣ್ಣಾ, ಮೇಲಿನದನ್ನು ಮೊನ್ನೆ ಬರೆದೆ, ಟಪಾಲಿಗೆ ಹಾಕಲಾಗಲಿಲ್ಲ. ಆ ಸೀರೆಗೆ ಉದ್ದನೂಲಿನ ಹಾಸು ಹಾಕಿದವಳು ನಾನು. ನಮ್ಮ ಬಾಗಿಲಿನಿಂದ ಚೌಕದವರೆಗೆ ಗೂಟ ನೆಟ್ಟು ನೂಲು ಹಿಡಿದು ಓಡಾಡಬೇಕಿತ್ತು. ಕಟ್ಟೆಯ ಗಂಡಸರ ಮುಂದೆ ಸುಳಿಯಲು ನಾಚಿ ಕೊನೆಯ ಗೂಟವನ್ನು ಚೌಕದ ಈಚೆಗೇ ನೆಟ್ಟೆ. ನೀನು ನನ್ನ ಅಳತೆ ನಂಬಿ ನೇಯ್ದೆ. ಉಳಿದ ನೂಲನ್ನು ಹೆದರಿ ಕೌದಿಯೊಳಗೆ ಹೊಲಿದಿಟ್ಟೆ. ನಿನ್ನೆ ಅದನ್ನು ಬಿಚ್ಚಿ ಒಯ್ದು, ಕಟ್ಟೆಯ ಮುಂದೆ ಎಲ್ಲರೆದುರು ಗ್ಯಾನಪ್ಪಕಾಕಾನ ಕೈಗೆ ಕೊಟ್ಟು ಹೇಳಿದೆ. ಆತ ನೂಲನ್ನು ಕೈಯಲ್ಲಿ ತೂಗಿ, "ಅವತ್ತ ಹೇಳಿದ್ರ ಆಗ್ತಿದ್ದಿಲ್ಲೇನವ್ವಾ" ಎಂದ. ಕಲ್ಲು ಕೀಳುವ ಮೊದಲು ನೀನು ಬಂದರೆ ಅಲ್ಲೇ, ಮಂದಿಯೆದುರೇ, ತಪ್ಪಾಯಿತು ಎನ್ನುತ್ತಾನಂತೆ. ಅದಕ್ಕೇ ಕಲ್ಲು ಹೋಗಲೆಂದು ಕಾಯಬೇಡ, ಮೊದಲೇ ಬಾ. ಅವ್ವ ನಿನ್ನೆಯಿಂದ ನನ್ನೊಡನೆ ಮಾತಾಡಿಲ್ಲ. ನೀನೂ ಮಾತಾಡದಿದ್ದರೆ ನಡೆದೀತು, ಬಾ.